ವಾಲ್ಬ್ರನ್ ಮನೆತನದ ಕೊನೆಯ ಮಗಳು

"ಮೂಗು ಉದ್ದ ಇರ್ಲಿ. ನಮ್ಮ ಮನೆಯವರಿಗೆಲ್ಲ ಮೂಗು ಉದ್ದ," ಎಂದಳು ಇಡೋನಿಯ, ಹಿಂದಿರುಗಿ ನೋಡದೆ.

ಬ್ರಾಕನ್‌ಹೋಪ್ ಕೋಟೆಯ ಹಜಾರದಲ್ಲಿ, ಹೊಸದಾಗಿ ಸುಣ್ಣ ಬಳಿದ ಗೋಡೆಯೆದುರು ನಿಂತು ಅವಳು ಕೈಯಾಡಿಸಿ ಅಪ್ಪಣೆ ಕೊಡುತ್ತಿದ್ದಳು. ವಾಲ್ಬ್ರನ್ ಮನೆತನದ ಹಿರಿಯರನ್ನೆಲ್ಲ ಆ ಗೋಡೆಯ ಮೇಲೆ ಸಾಲಾಗಿ ಬರೆಸಬೇಕೆಂದು ಅವಳ ತಾಯಿಯ ಆಸೆ. ಹೆರೆಫರ್ಡ್‌ನಿಂದ ಚಿತ್ರಗಾರ ಬರುವ ದಿನ ಅದು. ಮೊಣಕಾಲತನಕ ಕೆಂಪು, ಎರಡು ಕೈಗೂ ಕೆಂಪು ಮೆತ್ತಿಕೊಂಡ ಎತ್ತರದ ಗಂಡಸೊಬ್ಬ ಬಾಗಿಲಲ್ಲಿ ಬಂದು ನಿಂತದ್ದನ್ನು ಓರೆಗಣ್ಣಲ್ಲಿ ಕಂಡು, ಇವನೇ ಅವನು ಎಂದುಕೊಂಡುಬಿಟ್ಟಿದ್ದಳು.

"ಇಲ್ಲಿ ತೂರೊಲ್ಡ್ ಬರ್ಲಿ. ಈ ದೇಶ ಗೆದ್ದ ಡ್ಯೂಕ್ ಜೊತೆ ಹಡಗಲ್ಲಿ ಬಂದವನು. ಕೈಲಿ ಕೊಡಲಿ ಕೊಡು."

"ಕತ್ತಿ ಅಲ್ವಾ?"

"ಕತ್ತಿ ತಗೊಳ್ಳೋಷ್ಟು ಗತಿ ಆಗ ಇರ್ಲಿಲ್ಲ ಅಂತ ನಮ್ಮಪ್ಪ ನಗ್ತಿದ್ರು. ಅವನ ಪಕ್ಕ ಅವನ ಮಗ ಒಸ್ಮಂಡ್. ಮರದ ಕೋಟೇನ ಕಲ್ಲಿನ ಕೋಟೆ ಮಾಡಿದವನು. ಒಸ್ಮಂಡ್ ಮಗ ರೈನಾಲ್ಡ್. ರೈನಾಲ್ಡ್ ಮಗ ಹ್ಯೂ, ನಮ್ಮ ತಾತ. ಅವರ ಮಗ ವಾಲ್ಟರ್, ನಮ್ಮಪ್ಪ."

"ಕೊನೇಲಿ ನೀವು?"

"ನಾನ್ಯಾಕೆ ಗೋಡೆ ಮೇಲೆ? ಇನ್ನೂ ಬದುಕಿದ್ದೀನಲ್ಲ."

"ಅದೂ ನಿಜವೇ. ಗೋಡೆಗೆ ಅಷ್ಟು ಅದೃಷ್ಟ ಎಲ್ಲಿ."

ಅವಳು ಈಗ ತಿರುಗಿದಳು. ಕೆಲಸಕ್ಕೆ ಬಂದವನು ಹೀಗೆ ಮಾತಾಡುವುದನ್ನು ಅವಳು ಕೇಳಿರಲಿಲ್ಲ. ಅವನ ಮುಖದಲ್ಲಿ ನಗು ಇರಲಿಲ್ಲ. ಇದ್ದದ್ದೆಲ್ಲ ಕಣ್ಣಿನಲ್ಲಿ, ಬಚ್ಚಿಟ್ಟಂತೆ ಇತ್ತು.

"ಸಾಲಲ್ಲಿ ಹೆಂಗಸರೇ ಇಲ್ಲ," ಎಂದ ಅವನು.

"ರೈನಾಲ್ಡ್‌ಗೆ ಒಬ್ಬ ಮಗಳಿದ್ದಳಂತೆ. ಯಾರ ಹಿಂದೆಯೋ ಓಡಿಹೋದಳಂತೆ. ಆಮೇಲೆ ಅವಳ ಹೆಸರನ್ನ ಈ ಮನೇಲಿ ಯಾರೂ ಎತ್ತಿಲ್ಲ. ನಂಗೂ ಗೊತ್ತಿಲ್ಲ."

ಅಷ್ಟರಲ್ಲಿ ಕುಳ್ಳಗಿನ ಮನುಷ್ಯನೊಬ್ಬ ಬಣ್ಣದ ಮಡಕೆಗಳನ್ನು ಕತ್ತೆಯ ಮೇಲಿಂದ ಇಳಿಸಿಕೊಂಡು, ಏದುಸಿರು ಬಿಡುತ್ತ ಒಳಬಂದು, ಗೋಡೆ ಯಾವುದು ಎಂದು ಕೇಳಿದ.

ಇಡೋನಿಯಳ ಕಿವಿ ಬಿಸಿಯಾಯಿತು. "ಹಾಗಾದ್ರೆ ನೀನ್ಯಾರು?"

"ವಾರಿನ್. ವೆಸ್ಟ್‌ವಿಕ್‌ನ ಸರದಾರ ರಾಲ್ಫ್ ಅವರ ಎರಡನೇ ಮಗ. ನಿಮ್ಮ ಗಡಿ ಕಾವಲಿಗೆ ದೊರೆ ಕಳಿಸಿದ್ದಾರೆ. ನಿಮ್ಮ ಹೊಳೆದಂಡೇಲಿ ಕುದುರೆ ಜಾರಿಬಿತ್ತು. ಇದು ಬಣ್ಣ ಅಲ್ಲ, ನಿಮ್ಮೂರ ಮಣ್ಣು."

"ಮೊದಲೇ ಹೇಳೋದಲ್ವಾ ನೀವು!"

"ಅಯ್ಯೋ, 'ನೀನು' ಅಂತಿದ್ದದ್ದೇ ಚೆನ್ನಾಗಿತ್ತು," ಎಂದ ವಾರಿನ್. ಈಗ ನಗು ಮುಖಕ್ಕೆ ಬಂತು.

*

ಆ ಚಳಿಗಾಲ ಇಡೋನಿಯಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಕಸೂತಿ ಹಿಡಿದರೆ ದಾರ ತುಂಡಾಗುತ್ತಿತ್ತು. ಪ್ರಾರ್ಥನೆಗೆ ಮಂಡಿಯೂರಿದರೆ ಅಂಗಳದಲ್ಲಿ ಕುದುರೆಯ ಗೊರಸು ಕೇಳಿಸುತ್ತಿತ್ತು. ದಿನಕ್ಕೆ ಹತ್ತಾರು ಸಲ ಕೋಟೆಗೋಡೆ ಹತ್ತಿ, ವೇಲ್ಸ್ ಕಡೆಯ ಬೆಟ್ಟ ನೋಡಿ, ಇಳಿದು ಬರುತ್ತಿದ್ದಳು. ಬೆಟ್ಟದ ಮೇಲೆ ನೋಡುವಂಥದ್ದೇನೂ ಇರಲಿಲ್ಲ. ಗಸ್ತು ಮುಗಿಸಿದ ಕಾವಲಿನವರು ಆ ದಾರಿಯಲ್ಲೇ ವಾಪಸು ಬರಬೇಕಿತ್ತು, ಅಷ್ಟೆ.

ಚಿತ್ರಗಾರನಿಗೆ ತೂರೊಲ್ಡ್‌ನ ಮೈಕಟ್ಟಿಗೆ ಒಬ್ಬ ಗಂಡಸು ಬೇಕಾಗಿತ್ತು. ಅವನು ವಾರಿನ್‌ನನ್ನು ಹಿಡಿದು ನಿಲ್ಲಿಸಿದ. ಕೈಯಲ್ಲಿ ಸೌದೆ ಒಡೆಯುವ ಕೊಡಲಿ, ಹೆಗಲ ಮೇಲೆ ಹಳೆಯ ಕರಡಿಚರ್ಮ. ಇಡೋನಿಯ ಎದುರಿನ ಬೆಂಚಿನಲ್ಲಿ ಕೂತು, ಗೋಡೆಯನ್ನೇ ನೋಡುತ್ತಿರುವವಳಂತೆ ನಟಿಸಿದಳು.

"ತೂರೊಲ್ಡ್ ಅಲ್ಲಾಡಬಾರದು," ಎಂದಳು.

"ತೂರೊಲ್ಡ್‌ಗೆ ಮೂಗು ತುರಿಸ್ತಿದೆ."

"ಸಮುದ್ರ ದಾಟಿ ಬಂದವನಿಗೆ ಅಷ್ಟು ತಡ್ಕೊಳ್ಳೋಕೆ ಆಗಲ್ವಾ?"

"ಸಮುದ್ರದಲ್ಲಿ ಹಾಗೆ ನೋಡ್ತಾ ಕೂರೋರು ಯಾರೂ ಇರ್ಲಿಲ್ಲ."

ಚಿತ್ರಗಾರ ಕುಂಚ ಕಚ್ಚಿಕೊಂಡೇ ನಕ್ಕ. ಇಡೋನಿಯ ಎದ್ದುಹೋದಳು. ಬಾಗಿಲಾಚೆ ನಿಂತು ತಣ್ಣನೆ ಕಲ್ಲುಗೋಡೆಗೆ ಕೆನ್ನೆ ಒತ್ತಿಕೊಂಡಳು. ಮತ್ತೆ ಒಳಗೆ ಬಂದಳು.

ಕ್ರಿಸ್‌ಮಸ್ ಕಳೆದ ಮೇಲೆ ಬೆಟ್ಟದವರು ದನ ಹೊಡೆದುಕೊಂಡು ಹೋಗಲು ಬಂದರು. ವಾರಿನ್ ದನಗಳನ್ನು ಬಿಡಿಸಿಕೊಂಡು ಬಂದ, ಎಡತೋಳು ಸೀಳಿಸಿಕೊಂಡು. ಅವಳು ಗಾಯ ತೊಳೆಯುತ್ತ ಒಂದೇ ಸಮನೆ ಬೈದಳು. ಏಳು ಹಸುಗಳಿಗೋಸ್ಕರ ಪ್ರಾಣ ಕೊಡುವವನು ಮೂರ್ಖ ಎಂದಳು. ಹಸುಗಳಿಗೇ ಅವನಿಗಿಂತ ಹೆಚ್ಚು ಬುದ್ಧಿ, ತಾವಾಗಿಯೇ ವಾಪಸು ಬರುತ್ತಿದ್ದವು ಎಂದಳು.

"ಮುಗೀತಾ?" ಎಂದ ವಾರಿನ್.

"ಇಲ್ಲ."

"ಹಾಗಾದ್ರೆ ಬೈತಾನೇ ಇರು. ಜೀವಮಾನವಿಡೀ ಬೈತಿದ್ರೂ ನಾನು ಕೇಳ್ತೀನಿ."

ಅವಳ ಕೈಯಲ್ಲಿದ್ದ ಬಟ್ಟೆ ನಿಂತಿತು. ಅವನು ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದಿದ್ದ. ಇಬ್ಬರಿಗೂ ಅದು ಕೇಳಿಸಿತ್ತು.

ತಾಯಿ ಪೆಟ್ರೊನಿಲ್ಲ ಯೋಚಿಸಿಯೇ ಒಪ್ಪಿದಳು. ಗಂಡ ಸತ್ತ ಮೇಲೆ ಒಬ್ಬಳೇ ಗಡಿಯ ಕೋಟೆ ನಡೆಸಿದ ಹೆಂಗಸು, ಮಾತು ಕಡಿಮೆ. "ಅವನಿಗೆ ಹಿಡಿ ಮಣ್ಣೂ ಇಲ್ಲ. ಇರ್ಲಿ. ಇಲ್ಲಿಗೆ ಬಂದು ಇರೋ ಅಳಿಯ ಬೇಕು ನಂಗೆ, ನಿನ್ನನ್ನ ಎತ್ಕೊಂಡು ಹೋಗೋನಲ್ಲ," ಎಂದಳು.

*

ಈಸ್ಟರ್ ಆದ ಮೇಲೆ ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದತೊಡಗಿದರು. ಮೂರು ಭಾನುವಾರ ಓದಬೇಕು. ಈ ಮದುವೆಗೆ ಅಡ್ಡಿಯಿರುವುದು ಗೊತ್ತಿದ್ದವರು ಎದ್ದು ಹೇಳಬೇಕು. ಮೊದಲ ಭಾನುವಾರ ಎಲ್ಲರೂ ಮುಸಿಮುಸಿ ನಕ್ಕರು. ಎರಡನೆಯದಕ್ಕೆ ಮುಂಚಿನ ದಿನ ವಾರಿನ್‌ನ ಅಜ್ಜಿ ಬಂದಳು.

ಎಂಬತ್ತು ದಾಟಿದ ಮಾಬಿಲಿಯ ಸಮುದ್ರದ ಕಡೆಯಿಂದ ಎತ್ತಿನ ಗಾಡಿಯಲ್ಲಿ ಬಂದಿದ್ದಳು. ಅವಳ ಮಗ ರಾಲ್ಫ್ ಕಾಲುನೋವೆಂದು ಮನೆಯಲ್ಲೇ ಉಳಿದಿದ್ದ. ಮುದುಕಿಯನ್ನು ಇಳಿಸಿಕೊಳ್ಳಲು ಇಡೋನಿಯ ಹೆಬ್ಬಾಗಿಲಿಗೆ ಓಡಿದಳು.

"ದಾರಿ ತೋರಿಸ್ತೀನಿ ಬನ್ನಿ ಅಜ್ಜಿ."

ಮಾಬಿಲಿಯ ಆಗಲೇ ಹೊರಟಾಗಿತ್ತು. ಅಂಗಳ ದಾಟಿ, ಕತ್ತಲು ಓಣಿಯೊಳಗೆ ನುಗ್ಗಿ, ಹೊಸಬರೆಲ್ಲ ತಲೆ ಹೊಡೆಸಿಕೊಳ್ಳುವ ತಗ್ಗು ತೊಲೆಯ ಕೆಳಗೆ ಕಣ್ಣೆತ್ತದೆ ಬಗ್ಗಿ ಹೋದಳು. ಇಡೋನಿಯ ಹಿಂದೆಯೇ ನಿಂತುಬಿಟ್ಟಳು. ಈ ಅಜ್ಜಿಗೆ ತೊಲೆ ಹೇಗೆ ಗೊತ್ತು?

ಹಜಾರದಲ್ಲಿ ಪೆಟ್ರೊನಿಲ್ಲ, ಚರ್ಚಿನ ಫಾದರ್ ಎಡ್ರಿಕ್, ವಾರಿನ್ ಕಾಯುತ್ತಿದ್ದರು. ಬ್ರೆಡ್ಡು, ಹಾವುಮೀನಿನ ಕಡುಬು, ಸೇಬಿನ ಮದ್ಯ ಇಟ್ಟಿದ್ದರು. ಮಾಬಿಲಿಯ ಯಾರನ್ನೂ ನೋಡದೆ ಗೋಡೆಯ ಹತ್ತಿರ ಹೋದಳು. ಮೂರನೆಯ ಹಿರಿಯನ ಮುಂದೆ ನಿಂತು, ಅವನ ಬಣ್ಣದ ಪಾದದ ಮೇಲೆ ಕೈಯಿಟ್ಟಳು.

"ನಮ್ಮಪ್ಪ ಇಷ್ಟು ಚೆನ್ನಾಗಿರ್ಲಿಲ್ಲ ಬಿಡಿ," ಎಂದಳು.

ಹೇಳಿದ ಮೇಲೆ ಅವಳಿಗೇ ಎಚ್ಚರವಾಯಿತು. ಕೈ ಹಿಂದೆಗೆದುಕೊಂಡಳು. ಆದರೆ ಮಾತು ಆಗಲೇ ಹಜಾರವನ್ನೆಲ್ಲ ಸುತ್ತಿ ಬಂದಿತ್ತು.

"ರೈನಾಲ್ಡ್ ನಿಮ್ಮ ತಂದೆಯೇ?" ಎಂದರು ಫಾದರ್ ಎಡ್ರಿಕ್, ಮೆಲ್ಲಗೆ.

"ಹೌದು. ಇನ್ನೇನು ಮುಚ್ಚಿಡೋದು? ಹೆಸರೆತ್ತದ ಮಗಳು ನಾನೇ."

ಫಾದರ್ ಬೆರಳು ಮಡಚಿದರು. ರೈನಾಲ್ಡ್‌ನ ಮಕ್ಕಳು ಮಾಬಿಲಿಯ, ಹ್ಯೂ. ಅಕ್ಕನ ಮಗ ರಾಲ್ಫ್, ತಮ್ಮನ ಮಗ ವಾಲ್ಟರ್. ಅವರ ಮಕ್ಕಳು ವಾರಿನ್, ಇಡೋನಿಯ. ನಾಲ್ಕು ತಲೆಮಾರಿನೊಳಗೆ ಒಂದೇ ರಕ್ತವಿದ್ದರೆ ಮದುವೆಯಿಲ್ಲ, ಇದು ಮೂರೇ.

"ನಾಳೆ ನಾನು ಪ್ರಕಟಣೆ ಓದೋ ಹಾಗಿಲ್ಲ. ಬಿಷಪ್ಪರಿಗೆ ತಿಳಿಸ್ಬೇಕು. ಅವರ ಕಡೆಯವರು ಬಂದು ವಿಚಾರಣೆ ಮಾಡ್ತಾರೆ," ಎಂದರು ಫಾದರ್. ಹೇಳುವಾಗ ಮಡಚಿದ ಬೆರಳನ್ನೇ ನೋಡುತ್ತಿದ್ದರು. ಇಡೋನಿಯಳ ತಲೆಗೆ ಜ್ಞಾನಸ್ನಾನದ ನೀರು ಹಾಕಿದವರು ಅವರೇ.

ಇಡೋನಿಯ ವಾರಿನ್‌ನನ್ನು ನೋಡಿದಳು. ಅವನು ಅವಳತ್ತ ಒಂದು ಹೆಜ್ಜೆ ಇಟ್ಟು, ಅಲ್ಲೇ ನಿಂತ. ಆ ನಿಂತ ಹೆಜ್ಜೆ ಅವಳಿಗೆ ಏಟಿನ ಹಾಗೆ ತಾಗಿತು.

*

ಮರುದಿನ ಪೂಜೆ ಮುಗಿದ ಮೇಲೆ ಮಾಬಿಲಿಯ ಅವಳನ್ನು ಸೇಬಿನ ತೋಟಕ್ಕೆ ಕರೆದಳು. ಗಿಡಗಳೆಲ್ಲ ಹೂಬಿಟ್ಟಿದ್ದವು. ಇಡೋನಿಯ ಕೂರಲಿಲ್ಲ. ಮರದಿಂದ ಮರಕ್ಕೆ ಅಡ್ಡಾಡುತ್ತಲೇ ಇದ್ದಳು.

"ಗೊತ್ತಿದ್ದೂ ಯಾಕೆ ಬಂದ್ರಿ ಅಜ್ಜಿ? ಬರದೇ ಇದ್ದಿದ್ರೆ ಯಾರಿಗೂ ತಿಳೀತಿರ್ಲಿಲ್ಲ."

"ಸಾಯೋ ಮುಂಚೆ ಹುಟ್ಟಿದ ಮನೆ ನೋಡ್ಬೇಕು ಅನ್ನಿಸ್ತು. ಬಾಯಿ ಮುಚ್ಕೊಂಡಿರ್ತೀನಿ ಅಂತ ದಾರಿಯುದ್ದಕ್ಕೂ ಆಣೆ ಹಾಕ್ಕೊಂಡೇ ಬಂದೆ. ಅಪ್ಪನ್ನ ನೋಡ್ತಿದ್ದ ಹಾಗೆ ಮಗು ಆಗ್ಬಿಟ್ಟೆ." ಮುದುಕಿ ಕೋಲನ್ನು ಹುಲ್ಲಿಗೆ ಒತ್ತಿದಳು. "ಆದ್ರೆ ಪಾಪದ ಮದುವೆ ಮಾಡಿಸೋಕೆ ಬಂದವಳಲ್ಲ ನಾನು. ನಿಮ್ಮಿಬ್ಬರದು ಒಂದೇ ರಕ್ತ ಅಲ್ಲ ಮಗಳೇ."

ಇಡೋನಿಯ ನಿಂತಳು.

ಮಾಬಿಲಿಯ ಹೇಳಿದಳು. ರಾಜನಿಗೂ ಹಿಂದಿನ ರಾಜನ ಮಗಳಿಗೂ ಸಿಂಹಾಸನದ ಜಗಳ ನಡೆದು ಊರೂರು ಉರಿಯುತ್ತಿದ್ದ ಕಾಲ. ರೈನಾಲ್ಡ್ ಯುದ್ಧಕ್ಕೆ ಹೋಗಿದ್ದ. ಅವನ ತಮ್ಮ ಕೋಟೆಯ ಮೇಲೆ ಕಣ್ಣಿಟ್ಟು ಹೊರಗೆ ಠಿಕಾಣಿ ಹೂಡಿದ್ದ. ಒಳಗಿರುವ ಗಂಡುಮಗು ಇಲ್ಲವಾದರೆ, ಚಿಕ್ಕ ಹುಡುಗಿಯ ಹಕ್ಕು ತುಳಿದು ಕೋಟೆಯನ್ನು ಅವನು ಕಿತ್ತುಕೊಳ್ಳುತ್ತಿದ್ದ. ಆ ಚಳಿಯಲ್ಲೇ ತೊಟ್ಟಿಲ ಕೂಸು ಹ್ಯೂ ಕೆಮ್ಮಿ ಕೆಮ್ಮಿ ಸತ್ತುಹೋಯಿತು. ಕೋಟೆಯಲ್ಲಿ ಬಾರ್ಲಿ ಮದ್ಯ ಕಾಯಿಸುತ್ತಿದ್ದ ಎಡಿತ್ ಎಂಬ, ಡ್ಯೂಕ್‌ಗೆ ಸೋತ ಇಂಗ್ಲಿಷರ ಪೈಕಿಯ ಹೆಂಗಸು ಅದೇ ವಾರ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅವಳ ಗಂಡುಕೂಸು ಉಳಿದಿತ್ತು.

"ಆ ಕೂಸನ್ನ ನನ್ನ ಮೇಲುಹೊದಿಕೆ ಒಳಗೆ ಇಟ್ಕೊಂಡು ಅಮ್ಮನ ಹತ್ರ ತಂದವಳು ನಾನೇ. ಆಗ ನಂಗೆ ಹಾಲುಹಲ್ಲು ಬೀಳೋ ವಯಸ್ಸು. ಅಮ್ಮ ಅವನನ್ನೇ ಹ್ಯೂ ಅಂದಳು. ಅಪ್ಪನಿಗೂ ಹೇಳಲಿಲ್ಲ."

"ನೀವು ಓಡಿಹೋದದ್ದು?"

"ಓಡಿಹೋಗೋಕೆ ನಂಗೇನು ಹುಚ್ಚಾ? ಬೆಳೀತಾ ಬೆಳೀತಾ ನನ್ನ ಬಾಯಿಗೆ ಹೆದರಿದಳು ಅಮ್ಮ. ಹೆಸರಿಲ್ಲದ ಸರದಾರನಿಗೆ, ದೇಶದ ಕೊನೆಗೆ ಕೊಟ್ಟು ಕಳಿಸಿದಳು. ಹಿಂದೆಯೇ ಓಡಿಹೋದಳು ಅಂತ ಸುದ್ದಿ ಹಬ್ಬಿಸಿದಳು." ಮಾಬಿಲಿಯ ಇಡೋನಿಯಳ ತಲೆಗವಸಿನಿಂದ ಹೊರಬಂದ ಗುಂಗುರು ಕೂದಲನ್ನು ಮುಟ್ಟಿದಳು. "ಇದು ಎಡಿತ್‌ದು. ಹೀಗೇ ಇತ್ತು. ಮದ್ಯದ ಹಬೆಗೆ ಇನ್ನೂ ಸುರುಳಿ ಸುತ್ಕೊಳ್ತಿತ್ತು."

ಇಡೋನಿಯ ಕಡೆಗೂ ಹುಲ್ಲಿನ ಮೇಲೆ ಕುಸಿದಳು. ತೂರೊಲ್ಡ್ ಅವಳವನಲ್ಲ. ಒಸ್ಮಂಡ್ ಅವಳವನಲ್ಲ. ಚಿಕ್ಕಂದಿನಿಂದ ಪಾಠದಂತೆ ಒಪ್ಪಿಸಿದ ಹೆಸರುಗಳೆಲ್ಲ ಅವಳ ಕೈಬಿಟ್ಟು ಎದ್ದು ಹೋಗುತ್ತಿದ್ದವು. ಕೊಡಲಿ ಹಿಡಿದು ನಿಂತಿದ್ದ ವಾರಿನ್‌ನೇ ಅವರ ಕುಡಿ.

"ನಾನು ಆಣೆ ಮಾಡಿ ಹೇಳಿದ್ರೆ ನಿಮಗೆ ಮದುವೆ ಉಂಟು," ಎಂದಳು ಮಾಬಿಲಿಯ. "ಕೋಟೆ ಮಾತ್ರ ಇರಲ್ಲ. ರೈನಾಲ್ಡ್‌ಗೆ ಗಂಡುಮಗ ಉಳೀಲಿಲ್ಲ ಅಂದ್ಮೇಲೆ ಅದು ನಂಗೆ ಬರುತ್ತೆ, ಆಮೇಲೆ ನನ್ನ ಮಗ ರಾಲ್ಫ್‌ಗೆ, ಅವನಾದ್ಮೇಲೆ ಅವನ ಹಿರಿಮಗನಿಗೆ. ವಾರಿನ್‌ಗೂ ಸಿಗಲ್ಲ, ನಿಂಗೂ ಸಿಗಲ್ಲ. ನೀನು ಬೇಡ ಅಂದ್ರೆ ಈ ಮಾತು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತೆ. ನಿನ್ನ ಇಷ್ಟ."

*

ವಾರಿನ್ ಲಾಯದಲ್ಲಿದ್ದ. ಅವಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅವನ ಮುಖ ಮೊದಲು ಬೆಳಗಿತು, ಆಮೇಲೆ ಕಲ್ಲಾಯಿತು.

"ಬೇಡ," ಎಂದ.

"ಏನು ಬೇಡ?"

"ಅಜ್ಜಿ ಹೇಳೋದು ಬೇಡ. ಈ ಕೋಟೆ ನಿನ್ನುಸಿರು ಇಡೋನಿಯ. ಗೋಡೆ ಮೇಲೆ ನಡೀವಾಗ ನಿನ್ನ ಮುಖ ಹೇಗಿರುತ್ತೆ ಅಂತ ನಾನು ನೋಡಿದ್ದೀನಿ."

"ಗೋಡೆ ಮೇಲೆ ಯಾಕೆ ನಡೀತಿದ್ದೆ ಅಂತ ಅಂದ್ಕೊಂಡಿದ್ದೀಯ, ದಡ್ಡ?"

ಅವನು ಕೇಳಿಸಿಕೊಳ್ಳಲಿಲ್ಲ. "ಊರೆಲ್ಲ ಏನನ್ನುತ್ತೆ? ಮುದುಕೀನ ಕರ್ಕೊಂಡು ಬಂದು, ಕಥೆ ಕಟ್ಟಿ, ಹುಡುಗಿ ಮನೇನ ತನ್ನಪ್ಪನಿಗೆ ಕೊಡಿಸಿದ ಅಂತ. ನಿಮ್ಮಮ್ಮನ್ನ ಬೀದಿಗೆ ಹಾಕಿ ನಿನ್ನ ಕೈ ಹಿಡೀಲಾ ನಾನು?"

"ನನ್ನ ಬದುಕನ್ನ ನೀನೊಬ್ಬನೇ ತೀರ್ಮಾನ ಮಾಡ್ತೀಯಾ?"

"ನಾನಿಲ್ಲಿದ್ರೆ ನೀನು ಬಾಯಿ ಬಿಡ್ತೀಯ. ನಾನೇ ಇಲ್ಲ ಅಂದ್ರೆ ಬಿಡೋಕೆ ಕಾರಣ ಇರಲ್ಲ." ಅವನು ಜೀನಿನ ಪಟ್ಟಿ ಬಿಗಿದ. ಕೊಂಡಿ ಎರಡು ಸಲ ಜಾರಿತು.

"ಹೋಗು," ಎಂದಳು ಇಡೋನಿಯ. "ಹೋಗು, ಹೋಗು. ದನ ಬಿಡಿಸೋಕೆ ತೋಳು ಕೊಡ್ತೀಯ, ನನಗೋಸ್ಕರ ಒಂದು ಅಪವಾದ ಹೊರೋಕೆ ಆಗಲ್ಲ ನಿಂಗೆ."

ಅವನು ಕುದುರೆಯ ಕುತ್ತಿಗೆಗೆ ಹಣೆಯೊತ್ತಿದ. ಆಮೇಲೆ ಹೋದ. ಹೊಳೆಯಾಚೆ ಮರೆಯಾಗುವ ತನಕ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಅವಳು ಗೋಡೆಯ ಮೇಲೆ ನಿಂತು ಕಾದದ್ದು ಅದೊಂದಕ್ಕೇ.

ವಿಚಾರಣೆಗೆ ಬಿಷಪ್ಪರ ಕಡೆಯವರು ಬರುವ ತನಕ ಅವಳಿಗೆ ಹಗಲು ತಳ್ಳುವುದೇ ಕಷ್ಟವಾಯಿತು. ಮದ್ಯ ಕಾಯಿಸುವ ಕೊಟ್ಟಿಗೆಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದಳು. ಅಲ್ಲಿನ ಹೆಂಗಸರು ಅಮ್ಮಾವ್ರಿಗೆ ಏನು ಬೇಕು ಎಂದು ಕೇಳಿದರೆ ಏನೂ ಬೇಡ ಎನ್ನುತ್ತಿದ್ದಳು. ಹಬೆಗೆ ಕೂದಲು ಸುರುಳಿ ಸುತ್ತಿಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ, ಕಿಟಕಿಯ ಬಳಿ ಹೊಲಿಯುತ್ತಿದ್ದ ತಾಯಿಯನ್ನು ಕೇಳಿದಳು: "ಅಮ್ಮ, ಎಡಿತ್ ಅಂದ್ರೆ ಯಾರು?"

ಸೂಜಿ ನಿಂತಿತು. "ಆ ಮುದುಕಿಗೆ ಅರಳುಮರಳು."

"ಮುದುಕಿ ಹೇಳಿದಳು ಅಂತ ನಾನೆಲ್ಲಿ ಹೇಳಿದೆ?"

ಪೆಟ್ರೊನಿಲ್ಲ ಬಟ್ಟೆಯನ್ನು ಮಡಿಲಲ್ಲಿಟ್ಟಳು.

"ನಿಮ್ಮ ತಾತ ಸಾಯೋ ಮುಂಚೆ ನಂಗೊಬ್ಬಳಿಗೇ ಹೇಳಿದ್ರು. ಅವರಮ್ಮ ಅವರಿಗೆ ಹೇಳಿದ್ಲಂತೆ. ನಿಮ್ಮಪ್ಪನಿಗೆ ಗೊತ್ತಾದ್ರೆ ಒಡೆದುಹೋಗ್ತಾನೆ ಅಂತ ಹೇಳಲಿಲ್ಲ. ಅದಕ್ಕೇ ಆ ಗೋಡೆ ಬರೆಸಿದ್ದು. ಬಣ್ಣದಲ್ಲಿ ನಿಂತುಬಿಟ್ರೆ ಇನ್ಯಾರೂ ಅಳಿಸಲ್ಲ ಅನ್ನಿಸ್ತು." ಅವಳು ಮಗಳ ಮುಖ ಹುಡುಕಿದಳು. "ಸುಮ್ಮನಿರು. ವಾರಿನ್ ಒಳ್ಳೆಯವನು, ಇಲ್ಲ ಅನ್ನಲ್ಲ. ಇನ್ನೊಬ್ಬ ಗಂಡು ಸಿಗ್ತಾನೆ. ಇನ್ನೊಂದು ಬ್ರಾಕನ್‌ಹೋಪ್ ಸಿಗಲ್ಲ."

"ಇನ್ನೊಬ್ಬ ವಾರಿನ್ ಸಿಗ್ತಾನಾ ಅಮ್ಮ?"

ತಾಯಿ ಮಡಿಲಿನ ಬಟ್ಟೆ ಬಿಡಿಸಿದಳು. ಮತ್ತೆ ಸೂಜಿ ಎತ್ತಿಕೊಂಡಳು. ಆದರೆ ಹೊಲಿಗೆ ನೆಟ್ಟಗೆ ಬರಲಿಲ್ಲ.

*

ಬಿಷಪ್ಪರ ಕಡೆಯಿಂದ ಬಂದ ಮಾಸ್ಟರ್ ಸೆರ್ಲೊ ನೆಗಡಿಯಾಗಿದ್ದ, ಅವಸರದ ಮನುಷ್ಯ. ಚರ್ಚಿನೊಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಊರೇ ಬಂದು ಕಂಬಗಳ ಮಧ್ಯೆ ತುಂಬಿಕೊಂಡಿತ್ತು.

"ಹುಡುಗ ಇಲ್ಲ. ಒಂದೇ ರಕ್ತ ಅನ್ನೋದಕ್ಕೆ ಯಾರದ್ದೂ ತಕರಾರಿಲ್ಲ. ಹಾಗಿದ್ರೆ ಇಲ್ಲಿಗೆ ಮುಗೀತು," ಎಂದರು.

"ತಕರಾರಿದೆ," ಎಂದಳು ಇಡೋನಿಯ.

ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ನನ್ನ ತಾತ ಹ್ಯೂ, ರೈನಾಲ್ಡ್ ಅವರ ಮಗ ಅಲ್ಲ. ಮದ್ಯ ಕಾಯಿಸ್ತಿದ್ದ ಎಡಿತ್ ಅನ್ನೋಳ ಮಗ. ಈ ಅಜ್ಜಿಗೆ ಗೊತ್ತು, ಕೇಳಿ."

ಜನ ಒಮ್ಮೆಲೇ ಗುಜುಗುಜು ಅಂದರು. ಮಾಬಿಲಿಯ ಎದ್ದು, ಸುವಾರ್ತೆಯ ಗ್ರಂಥದ ಮೇಲೆ ಕೈಯಿಟ್ಟು, ತೋಟದಲ್ಲಿ ಹೇಳಿದ್ದನ್ನೆಲ್ಲ ಹೇಳಿದಳು. ಮಾಸ್ಟರ್ ಸೆರ್ಲೊ ಮೂಗೊರೆಸಿಕೊಂಡು ಕೇಳಿದರು.

"ಈ ಮಾತು ನಿಜವಾದ್ರೆ ಕೋಟೆ ಯಾರಿಗೆ ಅಮ್ಮ?"

"ನಂಗೆ."

"ಮತ್ತೆ? ಲಾಭ ಇರೋರ ಮಾತು ನಂಬೋದು ಹೇಗೆ? ಸಾಲದ್ದಕ್ಕೆ ಸಾಕ್ಷಿ ಒಬ್ಬರೇ ಆದ್ರೆ ನಡೆಯಲ್ಲ. ಇನ್ನೊಬ್ಬರು ಬೇಕು."

"ಇನ್ನೊಬ್ಬರೆಲ್ಲ ಸತ್ತಿದ್ದಾರೆ ಸ್ವಾಮಿ."

ಇಡೋನಿಯ ತಾಯಿಯ ಕಡೆ ನೋಡಲಿಲ್ಲ. ನೋಡಿದರೆ ಬೇಡಿದಂತಾಗುತ್ತದೆ ಎಂದು ನೆಲದ ಕಲ್ಲನ್ನೇ ನೋಡುತ್ತ ನಿಂತಳು. ಮಾಸ್ಟರ್ ಸೆರ್ಲೊ ಏಳಲು ಕುರ್ಚಿಯ ತೋಳು ಹಿಡಿದರು.

ಆಗ ರೇಷ್ಮೆ ಸರಿದ ಸದ್ದಾಯಿತು.

"ನಾನಿದ್ದೀನಿ," ಎಂದಳು ಪೆಟ್ರೊನಿಲ್ಲ.

ಅವಳು ನೆಟ್ಟಗೆ ನಡೆದು ಬಂದು ಸುವಾರ್ತೆಯ ಮೇಲೆ ಕೈಯಿಟ್ಟಳು. "ನನ್ನ ಮಾವ ಹ್ಯೂ ಸಾಯೋ ಹಾಸಿಗೆ ಮೇಲೆ ನಂಗೆ ಹೇಳಿದ್ದು ಇದೇ ಮಾತು. ಇವರಿಗೆ ಲಾಭ ಇದೆ ಅಂತೀರಿ. ನನಗೇನಿದೆ ನೋಡಿ. ಈ ಕೈ ಎತ್ತಿದ ಮೇಲೆ ನಾನು ಮಲಗೋ ಮಂಚಾನೂ ನಂದಲ್ಲ."

ಮಾಸ್ಟರ್ ಸೆರ್ಲೊ ಅವಳನ್ನು ದೀರ್ಘವಾಗಿ ನೋಡಿ, ಮೊದಲ ಸಲ ಅವಸರವಿಲ್ಲದೆ ತಲೆಯಾಡಿಸಿದರು. ಮದುವೆಗೆ ಅಡ್ಡಿಯಿಲ್ಲ ಎಂದರು. ಕೋಟೆಯ ವಿಷಯ ರಾಜನ ನ್ಯಾಯಾಲಯಕ್ಕೆ ಸೇರಿದ್ದು, ತಮಗಲ್ಲ ಎಂದರು.

ಹೊರಗೆ ಬಂದ ಮೇಲೆ ಇಡೋನಿಯ ತಾಯಿಯ ತೋಳು ಹಿಡಿದಳು. "ಅಮ್ಮ..." ಎಂದಳು.

"ಈ ಮನೆತನದ್ದು ಹೆಣ್ಣುಮಕ್ಕಳನ್ನ ದೂರ ಮಾಡಿ ಗುಟ್ಟು ಉಳಿಸ್ಕೊಳ್ಳೋ ಚಾಳಿ," ಎಂದಳು ಪೆಟ್ರೊನಿಲ್ಲ. "ಆ ಮುದುಕಿ ಗೋಡೆ ಮುಟ್ಟಿದ್ದು ನೋಡಿದಾಗಿಂದ ನಂಗೆ ಊಟ ಸೇರ್ತಿರ್ಲಿಲ್ಲ. ಎಂಬತ್ತು ವರ್ಷಕ್ಕೆ ನೀನೂ ಹಾಗೆ ಎಲ್ಲಿಂದಲೋ ಬಂದು ಏನನ್ನೋ ಮುಟ್ಟಬಾರದು." ಅವಳು ಮಗಳ ಕೆನ್ನೆಯನ್ನು ಸ್ವಲ್ಪ ಜೋರಾಗಿಯೇ ಒರೆಸಿದಳು. "ಅಳೋದು ಸಾಕು."

ಮರುದಿನ ಪೆಟ್ರೊನಿಲ್ಲ ತನ್ನ ಪೆಟ್ಟಿಗೆ ತುಂಬಿಸುತ್ತಿದ್ದಾಗ ಮಾಬಿಲಿಯ ಬಂದು ಪೆಟ್ಟಿಗೆಯ ಮೇಲೆಯೇ ಕೂತುಬಿಟ್ಟಳು.

"ಎಲ್ಲಿಗೆ ಹೊರಟೆ ಪೆಟ್ರೊನಿಲ್ಲ? ಈ ಹಾಳು ಒಲೆ ಯಾವ ಗಾಳಿಗೆ ಹೊಗೆ ಕಾರುತ್ತೆ ಅಂತ ನಂಗೆ ಮರೆತುಹೋಗಿದೆ. ನಾನಿರೋ ತನಕ ನೀನಿರು. ನನ್ನ ಮಗನಿಗೂ ಹಾಗೇ ಹೇಳ್ತೀನಿ, ಕೇಳದಿದ್ರೆ ಕೋಲಿದೆ." ಆಮೇಲೆ ಇಡೋನಿಯಳ ಕಡೆ ತಿರುಗಿದಳು. "ನೀನಿನ್ನೂ ಇಲ್ಲೇ ನಿಂತಿದ್ದೀಯಾ? ಕೋಟೆ ಸಿಗೋ ಸುದ್ದಿ ಕೇಳಿದ್ರೆ ರಾಲ್ಫ್ ನಾಳೇನೇ ವಾರಿನ್‌ಗೆ ದೊಡ್ಡ ಮನೆ ಹೆಣ್ಣು ಹುಡು‌ಕ್ತಾನೆ. ಅವನ ಕಿವಿಗೆ ಬೀಳೋ ಮುಂಚೆ ಹೋಗು. ಓಡು!"

*

ಲಾಯದ ಮುದುಕ ಗಾಡ್ವಿನ್‌ನನ್ನು ಜೊತೆ ಮಾಡಿಕೊಂಡು ಇಡೋನಿಯ ಹೊರಟಳು. ದಾರಿಯಲ್ಲಿ ಗಾಡ್ವಿನ್ ಕುದುರೆಗೆ ವಿಶ್ರಾಂತಿ ಬೇಕು ಅಂದಾಗಲೆಲ್ಲ ಅವಳು ಇಳಿದು ನಡೆದಳು, ನಿಲ್ಲಲಿಲ್ಲ. ದೋಣಿಯಲ್ಲಿ ಸೆವರ್ನ್ ನದಿ ದಾಟುವಾಗ ಕೂರದೆ ನಿಂತೇ ಇದ್ದು ಅಂಬಿಗನಿಂದ ಬೈಸಿಕೊಂಡಳು. ವಾರಿನ್ ಏನನ್ನುತ್ತಾನೆ? ಮುಖ ತಿರುಗಿಸಿದರೆ? ಯಾಕೆ ಮಾಡಿದೆ ಎಂದು ಕೂಗಾಡಿದರೆ? ಉತ್ತರಗಳನ್ನೆಲ್ಲ ಬಾಯಲ್ಲೇ ತಿದ್ದಿ ತೀಡಿಕೊಂಡಳು.

ವೆಸ್ಟ್‌ವಿಕ್ ಎಂದರೆ ಕಡಲಂಚಿನ ಜೌಗು. ಕಣ್ಣು ಹಾಯುವಷ್ಟು ಹಸಿರು, ನಡುನಡುವೆ ಉಪ್ಪುನೀರಿನ ಕಾಲುವೆಗಳು. ಸಮುದ್ರದ ಉಬ್ಬರ ಏರುವ ಹೊತ್ತು. ದೂರದಲ್ಲಿ ಕುರಿಗಳ ಹಿಂಡನ್ನು ಎತ್ತರದ ದಿಬ್ಬಕ್ಕೆ ಅಟ್ಟುತ್ತಿದ್ದವನು ವಾರಿನ್ ಎಂದು ಅವನ ಹೆಗಲಿನಿಂದಲೇ ತಿಳಿಯಿತು.

"ವಾರಿನ್!"

ಅವನು ತಿರುಗಿದ. ಕೋಲು ಕೈಯಿಂದ ಜಾರಿತು. ಆಮೇಲೆ ಎರಡು ಕೈಯನ್ನೂ ಬೀಸಿದ.

"ಬರ್ಬೇಡ! ಅಲ್ಲೇ ಇರು! ನೀರು ಏರ್ತಿದೆ!"

"ಹೇಳೋದಿದೆ!"

"ಆಮೇಲೆ ಹೇಳು!"

"ಯಾವಾಗ? ನೀನು ಇನ್ನೊಂದ್ಸಲ ಓಡಿಹೋದ್ಮೇಲಾ?"

ಗಾಡ್ವಿನ್ ಬೇಡ ಬೇಡ ಎನ್ನುತ್ತಿದ್ದಂತೆಯೇ ಅವಳು ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಲುವೆಗೆ ಇಳಿದಳು. ನೀರು ಮೊಣಕಾಲು ಮುಟ್ಟಿತು, ತೊಡೆ ಮುಟ್ಟಿತು. ಬರುವಾಗ ಕಲಿತುಕೊಂಡ ಉತ್ತರಗಳೆಲ್ಲ ಚಳಿಗೆ ಹಾರಿಹೋದವು.

"ಕೋಟೆ ಹೋಯ್ತು!" ಎಂದು ಕೂಗಿದಳು.

"ಏನು?"

"ಕೋಟೆ! ಹೋಯ್ತು! ನಾನೇ ಹೇಳಿದೆ! ಅಮ್ಮಾನೂ ಹೇಳಿದ್ರು! ನಾನೀಗ ಎಡಿತ್‌ಳ ಮರಿಮಗಳು, ಅಷ್ಟೇ! ಮದ್ಯ ಕಾಯಿಸೋರ ಮನೆಯವಳು!"

ವಾರಿನ್ ಕುರಿಗಳನ್ನು ಮರೆತ. ನೀರಿಗೆ ಧುಮುಕಿ, ಅರ್ಧ ಈಜಿ, ಅರ್ಧ ಎಡವಿ ಬಂದು ಅವಳ ತೋಳು ಹಿಡಿದ.

"ಹುಚ್ಚಿ," ಎಂದ. "ಹುಚ್ಚಿ, ಹುಚ್ಚಿ. ಯಾಕೆ ಮಾಡಿದೆ?"

"ಬೈತೀಯಾ? ಬೈ. ನಂಗೂ ಕೇಳಿ ಗೊತ್ತಿದೆ."

ಅವನು ಬೈಯಲಿಲ್ಲ. "ಹೊಳೆ ದಾಟೋವರೆಗೂ ತಿರುಗಿ ನೋಡಲಿಲ್ಲ ನಾನು. ನೋಡಿದ್ರೆ ವಾಪಸ್ ಬರ್ತಿದ್ದೆ. ದಾಟಿದ ಮೇಲೆ ನೋಡಿದೆ. ಬರೀ ಮರ ಕಾಣ್ತಿತ್ತು. ಅವತ್ತಿಂದ ಏನು ಮಾಡ್ತಿದ್ದೀನಿ ಅಂತ ನಂಗೇ ಗೊತ್ತಿಲ್ಲ. ಕುರಿ ಎಣಿಸೋಕೆ ಹೋದ್ರೆ ಲೆಕ್ಕ ತಪ್ಪುತ್ತೆ. ಇಡೋನಿಯ, ಇಲ್ಲಿ ಏನೂ ಇಲ್ಲ. ಕೆಸರು, ಗಾಳಿ, ಹಳೇ ಮನೆ."

"ನಂಗೆ ಗೋಡೆ ಬೇಕು ಅಂತ ಯಾರು ಹೇಳಿದ್ರು ನಿಂಗೆ? ನೀನೇ ಅಂದ್ಕೊಂಡೆ, ನೀನೇ ತೀರ್ಮಾನ ಮಾಡಿದೆ, ನೀನೇ ಕುದುರೆ ಹತ್ತಿದೆ. ಇನ್ಮೇಲೆ ಹಾಗೆ ಮಾಡ್ಬೇಡ."

"ಮಾಡಲ್ಲ."

"ಕೇಳಿಸಲಿಲ್ಲ."

"ಮಾಡಲ್ಲ!" ಅವನು ಗಾಳಿಗೆ ಎದುರಾಗಿ ಕೂಗಿದ. "ಜಗತ್ತು ಏನು ಬೇಕಾದ್ರೂ ಅನ್ನಲಿ. ನಿನ್ನನ್ನ ಬಿಟ್ಟು ನನ್ನಿಂದ ಆಗಲ್ಲ!"

ನೀರು ಸೊಂಟಕ್ಕೆ ಬಂದಿತ್ತು. ಅವನು ಅವಳನ್ನು ಎಳೆದುಕೊಂಡೇ ದಿಬ್ಬ ಹತ್ತಿಸಿದ. ಕುರಿಗಳು ಜಾಗ ಬಿಡಲಿಲ್ಲ. ಇಬ್ಬರೂ ಅವುಗಳ ನಡುವೆ, ಒದ್ದೆ ಉಣ್ಣೆಯ ಬಿಸಿಯಲ್ಲಿ, ಒಬ್ಬರಿಗೊಬ್ಬರು ಆತು ಕುಸಿದರು. ಅವನು ಅವಳ ಒದ್ದೆ ಹಣೆಗೆ ಮುತ್ತಿಟ್ಟ, ಆಮೇಲೆ ಕಣ್ಣಿಗೆ, ಆಮೇಲೆ ಉಪ್ಪಾಗಿದ್ದ ತುಟಿಗೆ. ಒಂದು ಕುರಿ ಅವಳ ತೋಳಿನ ಬಟ್ಟೆಯನ್ನು ಮೆಲ್ಲತೊಡಗಿದಾಗ ಇಬ್ಬರೂ ನಕ್ಕರು.

ಅವಳು ಬಂದ ಕಾಲುವೆ ಈಗ ಕಾಣಿಸುತ್ತಿರಲಿಲ್ಲ. ದಿಬ್ಬದ ಸುತ್ತ ಎಲ್ಲೆಲ್ಲೂ ನೀರು ಹೊಳೆಯುತ್ತಿತ್ತು. ಆಚೆ ದಡದಲ್ಲಿ ಗಾಡ್ವಿನ್ ಟೋಪಿ ತೆಗೆದು ಬೀಸುತ್ತ ಏನೋ ಕೂಗುತ್ತಿದ್ದ.

"ಇನ್ನು ನೀರು ಇಳಿಯೋ ತನಕ ಆ ಕಡೆ ಹೋಗೋಕೆ ಆಗಲ್ಲ," ಎಂದ ವಾರಿನ್, ತಪ್ಪು ತನ್ನದೇ ಎಂಬಂತೆ.

"ಯಾವಾಗ ಇಳಿಯುತ್ತೆ?"

"ಸಂಜೆ ಆಗುತ್ತೆ."

ಇಡೋನಿಯ ಅವನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದಳು.

"ಅಷ್ಟು ಬೇಗಾನಾ?" ಎಂದಳು.